ದೊರೆಯ ಕೋಟು ಹರಿದ ಫ್ಯಾನು

ಈಜು ಬರುತ್ತದೆ ಎಂದು ಸುಳ್ಳು ಹೇಳಿದರೆ ಯಾರಾದರೂ ಕೆರೆಗೆ ತಳ್ಳಿ ನೋಡಿಬಿಡುತ್ತಾರೆ. ಅಡುಗೆ ಬರುತ್ತದೆ ಎಂದರೆ ಒಲೆಯ ಮುಂದೆ ಕೂರಿಸುತ್ತಾರೆ. ಇಂಗ್ಲಿಷ್ ಬರುತ್ತದೆ ಎಂದರೆ ಮಾತ್ರ, ಆ ಕಾಲದ ಗುಂಡ್ಲುಪೇಟೆಯಲ್ಲಿ ಅಂಥ ಅಪಾಯವೇನೂ ಇರಲಿಲ್ಲ. ಇಂಗ್ಲಿಷ್ ಬಲ್ಲವರು ಕಚೇರಿಯಲ್ಲೋ ಹೈಸ್ಕೂಲಿನಲ್ಲೋ ಇದ್ದರು. ನಮ್ಮ ದರ್ಜಿ ಅಂಗಡಿಗೆ ಬಂದಾಗ ಅವರೂ ಕನ್ನಡದಲ್ಲೇ ಅಳತೆ ಕೊಡುತ್ತಿದ್ದರು. ಹೀಗಾಗಿ, ನಾಲ್ಕನೆಯ ತರಗತಿಯಲ್ಲೇ ಶಾಲೆಗೆ ಸಲಾಮು ಹೊಡೆದ ನಾನು ಇಂಗ್ಲಿಷ್ ಬಲ್ಲವನೆಂದು ನಿಶ್ಚಿಂತೆಯಾಗಿ ಹೆಸರು ಮಾಡಿಕೊಂಡಿದ್ದೆ. ಆ ಹೆಸರಿಗೆ ಆಧಾರವೇ ಇರಲಿಲ್ಲವೆಂದಲ್ಲ. ಒಂದು ಮಳೆಗಾಲ ಪೂರ್ತಿ ಮೈಸೂರಿನ ಹೋಟೆಲೊಂದರಲ್ಲಿ ರೂಮ್ ಬಾಯ್ ಆಗಿದ್ದೆ. ಹಾಟ್ ವಾಟರ್, ಸೋಪು, ಬಿಲ್ಲು, ಫ್ಯಾನು, ಈಡಿಯಟ್ ಎಂಬ ಮಾತುಗಳನ್ನು ಅಲ್ಲಿ ಸಂಪಾದಿಸಿದ್ದೆ. ಮೊದಲ ನಾಲ್ಕು ಕೋಣೆಗೆ ಸಂಬಂಧಪಟ್ಟವು, ಐದನೆಯದು ನನಗೆ.

ನನ್ನ ಇಂಗ್ಲಿಷನ್ನು ನನಗಿಂತ ಹೆಚ್ಚಾಗಿ ನಂಬಿದ್ದವನು ನನ್ನ ಅಣ್ಣ, ಭಾಯಿಜಾನ್. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು, ಕತ್ತರಿ ಹಿಡಿಯಲು ಕಲಿಸಿದವನು. ಬಟ್ಟೆ ಕತ್ತರಿಸುವುದು ಅವನ ಕೆಲಸ. ಕಾಜ ಹೊಲಿಯುವುದು, ಗುಂಡಿ ಹಾಕುವುದು, ಗಿರಾಕಿಗಳಿಗೆ ‘ನಾಳೆ ಬನ್ನಿ’ ಎನ್ನುವುದು ನನ್ನದು. ಯಾರೂ ಕೇಳದಿದ್ದರೂ ಅವನು ಗಿರಾಕಿಗಳ ಮುಂದೆ, “ನಮ್ಮ ಬಾಬೂಗೆ ಇಂಗ್ಲಿಷ್ ಬರ್ತದೆ” ಎಂದು ಹೇಳುತ್ತಿದ್ದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಕಾಣುತ್ತಿದ್ದ ಸಂತೋಷವನ್ನು ನೋಡಿದ ಯಾವ ತಮ್ಮನಿಗೂ ನಿಜ ಹೇಳುವ ಮನಸ್ಸು ಬರುತ್ತಿರಲಿಲ್ಲ. ನನಗಂತೂ ಬರಲಿಲ್ಲ.

ಊಟಿಗೆ ಹೋಗುವ ಕಾರುಗಳು ನಮ್ಮ ಊರಿನಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಥ ಕಾರೊಂದು ನಿಂತೇಬಿಟ್ಟಿತು. ತಾನೇ ಕಾರು ನಡೆಸಿಕೊಂಡು ಬಂದಿದ್ದ ಬಿಳಿಯ ದೊರೆಯೊಬ್ಬ ಇಳಿದು, ತೋಳಿನ ಮೇಲೆ ಕೋಟು ಹಾಕಿಕೊಂಡು ನೇರವಾಗಿ ನಮ್ಮ ಅಂಗಡಿಗೆ ಬಂದ. ಕೋಟಿಗೆ ಮೂರು ಗುಂಡಿಗಳಿರಲಿಲ್ಲ. ಅಂಗಡಿಯಲ್ಲಿ ಬೇಗೂರಿನ ರೈತ ಮಾದಪ್ಪ ಕುಳಿತಿದ್ದ. ನನ್ನ ‘ನಾಳೆ’ಗಳಿಂದ ಬೇಸತ್ತು, ಶರಟು ಕೈಗೆ ಬರುವ ತನಕ ಏಳುವುದಿಲ್ಲವೆಂದು ಹಟ ಹಿಡಿದಿದ್ದ. ಭಾಯಿಜಾನ್ ಹೆಮ್ಮೆಯಿಂದ ನನ್ನ ಕಡೆ ನೋಡಿದ. ಕೆರೆಗೆ ತಳ್ಳುವುದೆಂದರೆ ಇದೇ.

ದೊರೆ ಮಾತುಗಾರ. ಕೋಟು ತೋರಿಸಿ ಸುಮ್ಮನಾಗದೆ, ಅದಕ್ಕೆ ಆ ಗತಿ ಹೇಗೆ ಬಂತೆಂದು ಕಥೆಯನ್ನೇ ಶುರು ಮಾಡಿದ. ನಾನು ಕಣ್ಣು ಕಿರಿದು ಮಾಡಿ, ತಲೆಯಾಡಿಸುತ್ತ, ಹೊಳೆಯಲ್ಲಿ ಮೀನು ಹಿಡಿಯುವವನಂತೆ ಕಾದೆ. ಲಂಡನ್, ರೇಡಿಯೋ, ಅಮೆರಿಕ, ಹೋಟೆಲು ಸಿಕ್ಕಿದವು. ಆಮೇಲೆ ನನ್ನ ಹಳೆಯ ಪರಿಚಯದ ಫ್ಯಾನು ಸಿಕ್ಕಿತು. ಧೈರ್ಯ ಬಂತು.

“ಏನ್ಲಾ ಅಂತಾವ್ನೆ?” ಎಂದ ಮಾದಪ್ಪ.

“ಇವರು ಲಂಡನ್ನಿನವರು. ರೇಡಿಯೋದಲ್ಲಿ ಮಾತಾಡೋ ದೊಡ್ಡ ಮನುಷ್ಯರು. ಅಮೆರಿಕಾದಲ್ಲಿ ಇವರಿಗೆ ಬಾಳ ಫ್ಯಾನು ಇದಾವಂತೆ.”

“ಎಸ್ಟವಂತೆ ಕೇಳು.”

“ಫ್ಯಾನು... ಹೌ ಮಚ್?” ಎಂದೆ. ದೊರೆ ನಕ್ಕು ಎರಡೂ ತೋಳು ಅಗಲಿಸಿ, ‘ಥೌಸಂಡ್ಸ್’ ಎಂದ.

“ಸಾವಿರಾರು!”

“ಸಾವ್ರ ಫ್ಯಾನಾ! ಅಸ್ಟೊಂದು ಸೆಕೆಯಾ ಆ ಸೀಮೇಲಿ?”

“ದೊಡ್ಡವರಿಗೆ ಸೆಕೆ ಜಾಸ್ತಿ, ಮಾದಪ್ಪನೋರೆ.”

ದೊರೆ ಈಗ ಅಭಿನಯಕ್ಕಿಳಿದ. ಹೋಟೆಲಿನ ಬಾಗಿಲು ದಾಟಿದ ಕೂಡಲೇ ಸುತ್ತಮುತ್ತಲಿಂದ ಫ್ಯಾನು. ಕೈಯನ್ನು ಗಿರ್ರನೆ ಸುತ್ತಿಸಿ ತೋರಿಸಿದ. ಅವು ಗುಂಡಿ ಕಿತ್ತವು, ಜೇಬನ್ನು ಎಳೆದವು. ತನ್ನ ಕೋಟನ್ನು ತಾನೇ ಎಳೆದಾಡಿ ತೋರಿಸಿದ. ನಾನು ಕಂಡದ್ದನ್ನು ಕಂಡಂತೆ ಹೇಳಿದೆ. ಇಷ್ಟರ ಮಟ್ಟಿಗೆ ನನ್ನ ಮೇಲೆ ತಪ್ಪು ಹೊರಿಸಲು ಯಾರಿಗೂ ಸಾಧ್ಯವಿಲ್ಲ. ಫ್ಯಾನಿಗೆ ಸಿಕ್ಕಿದ ಕೋಟು ಹರಿಯದೆ ಇನ್ನೇನಾಗುತ್ತದೆ? ಬೀದಿಯಲ್ಲೂ ಅವು ಬೆನ್ನಟ್ಟಿ ಬಂದವೆಂದು ತಿಳಿದಾಗ ಮಾತ್ರ ನನಗೇ ಸ್ವಲ್ಪ ಅನುಮಾನವಾಯಿತು.

“ಬೀದೀಲೂ ಬತ್ತವಾ?” ಎಂದು ಮಾದಪ್ಪ ಬಾಯಿ ಬಿಟ್ಟ.

“ಅಮೆರಿಕಾ ಅಲ್ವಾ? ಅಲ್ಲಿ ಗಾಲಿ ಇರೋ ಫ್ಯಾನು” ಎಂದೆ.

ಕೊನೆಗೆ ದೊರೆ ತನ್ನ ಕೆನ್ನೆ ಮುಟ್ಟಿಕೊಂಡು, ತುಟಿ ಮುಂದೆ ಮಾಡಿ, ನಾಚಿಕೊಂಡ.

“ಒಂದು ಫ್ಯಾನು ಕೆನ್ನೆಗೇ ಬಡೀತಂತೆ.”

“ಅಯ್ಯೋ ಸಿವನೆ! ಕೆನ್ನೆ ಉಳ್ಕಂಡದ್ದೇ ಪುಣ್ಯ ಕಣ್ಲಾ. ಅಂಗಾದ್ರೂ ನಗ್ತಾವ್ನಲ್ಲ, ಗಂಡೆದೆ ಬುಡು!”

ದೊರೆ ಮೂರು ಬೆರಳು ತೋರಿಸಿ, ಕೋಟು ಬಿಟ್ಟು, ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಸಂಜೆಗೆ ಬರುವುದಾಗಿ ಕೈಸನ್ನೆ ಮಾಡಿ ಹೋದ. ಭಾಯಿಜಾನ್ ಕೋಟನ್ನು ಮೊಣಕಾಲ ಮೇಲೆ ಹರಡಿಕೊಂಡು ಬಹಳ ಹೊತ್ತು ಯೋಚಿಸಿದ. “ಬರೀ ಗುಂಡಿ ಹಾಕಿಕೊಟ್ಟರೆ ಮುಗೀತಾ ಬಾಬು? ಪಾಪ, ಮತ್ತೆ ಆ ಫ್ಯಾನುಗಳ ಮಧ್ಯಕ್ಕೇ ಹೋಗಬೇಕಲ್ಲ. ಗಾಳಿಗೆ ಎಲ್ಲೂ ಸಂದು ಕೊಡಬಾರದು” ಎಂದ. ಜೇಬುಗಳ ಬಾಯಿ ಹೊಲಿದ. ಬೆನ್ನಿನ ಸೀಳು ಮುಚ್ಚಿದ. ಅಂಚನ್ನು ಗೇಣುದ್ದ ಮೇಲಕ್ಕೆತ್ತಿದ. ತೋಳು, ಸೊಂಟ ಎಲ್ಲವನ್ನೂ ಮೈಗೆ ಅಂಟುವಂತೆ ಹಿಡಿದ. ಹೊಲಿಗೆ ಎಷ್ಟು ಸಣ್ಣದೆಂದರೆ ಬಟ್ಟೆ ಹಾಗೇ ಹುಟ್ಟಿತೆನ್ನಬೇಕು. ‘ಗುಂಡಿ ಮಾತ್ರ ಸಾಕು ಅಂದರೇನೋ’ ಎನ್ನಲು ನಾನು ಒಮ್ಮೆ ಬಾಯಿ ತೆರೆದೆ. ಆದರೆ ಆ ‘ಏನೋ’ ಎಂಬಲ್ಲಿಂದಲೇ ನನ್ನ ಇಂಗ್ಲಿಷಿನ ಬುಡ ಸಡಿಲವಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಗುಂಡಿ ಹೊಲಿದೆ.

ಸಂಜೆ ದೊರೆ ಬಂದು ಕೋಟು ತೊಟ್ಟ. ಜೇಬಿಗೆ ಕೈ ಇಳಿಸಲು ಹೋದ, ಕೈ ಜಾರಿ ತೊಡೆಗೆ ಬಂತು. ತೋಳೆತ್ತಲು ಹೋದ, ಕೋಟೇ ಮೇಲೆದ್ದಿತು. ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ತುಂಬ ಹೊತ್ತು, ತುಂಬ ಜೋರಾಗಿ ಮಾತಾಡಿದ. ಅದರಲ್ಲಿ ನನಗೆ ತಿಳಿದದ್ದು ಮೈಸೂರಿನ ಆ ಐದನೆಯ ಮಾತು ಒಂದೇ.

“ಏನಂತಾರೆ ಬಾಬು?” ಭಾಯಿಜಾನ್ ಕಣ್ಣರಳಿಸಿ ಕೇಳಿದ.

“ಇಂಥ ಕೆಲಸ ಅಮೆರಿಕಾದಲ್ಲೂ ನೋಡಿಲ್ಲವಂತೆ.”

ಆಣೆ ಮಾಡಿ ಹೇಳಬಲ್ಲೆ, ಅದು ಸುಳ್ಳಾಗಿರಲಾರದು. ಭಾಯಿಜಾನ್ ಎದೆಯ ಮೇಲೆ ಕೈಯಿಟ್ಟು ಬಾಗಿ, “ಮೆಚ್ಚಿದ್ದೇ ಸಾಕು, ದುಡ್ಡು ಬೇಡ ಅನ್ನು” ಎಂದ. “ನೋ ಬಿಲ್” ಎಂದೆ. ದೊರೆ ಇನ್ನೇನೋ ಹೇಳಲು ಹೊರಟವನು ಅಣ್ಣನ ಮುಖ ನೋಡಿ ನಿಲ್ಲಿಸಿದ. ಅಷ್ಟು ಸಂತೋಷದ ಮುಖಕ್ಕೆ ಬಯ್ಯುವುದು ಲಂಡನ್ನಿನವರಿಗೂ ಕಷ್ಟ. ಉಸಿರು ಬಿಟ್ಟು, ಆ ತೋಳಿನಲ್ಲಿ ಎಷ್ಟು ಚಾಚಲು ಸಾಧ್ಯವೋ ಅಷ್ಟು ಚಾಚಿ, ಅವನ ಕೈ ಕುಲುಕಿ ಹೊರಟುಹೋದ.

ಮಿಕ್ಕದ್ದನ್ನು ಮಾದಪ್ಪ ನೋಡಿಕೊಂಡ. ಬಸ್ಸಿನಲ್ಲಿ, ಸಂತೆಮರಹಳ್ಳಿಯ ಸಂತೆಯಲ್ಲಿ, ಹೋದಲ್ಲೆಲ್ಲ ಹೇಳಿದ. ಮದುವೆಯ ಕಾಲ ಬಂದಾಗ ಚಾಮರಾಜನಗರದ ಮದುವೆ ಗಂಡುಗಳು ‘ಅಮೆರಿಕಾ ಕೋಟು’ ಬೇಕೆಂದು ನಮ್ಮಲ್ಲಿಗೆ ಬಂದರು. ಜೇಬಿಲ್ಲದ, ಸೀಳಿಲ್ಲದ, ಕೈಯೆತ್ತಲಾಗದ ಕೋಟು. ತಾಳಿ ಕಟ್ಟುವಾಗ ಒಬ್ಬನ ಕೈ ಮೇಲೇಳದೆ ಹೆಣ್ಣೇ ಕುಕ್ಕರಗಾಲಿನಲ್ಲಿ ಕೂರಬೇಕಾಯಿತಂತೆ. ಭಾಯಿಜಾನ್ ಚಾಮರಾಜನಗರದ ಬೀದಿಯಲ್ಲಿ ನಡೆದರೆ ಜನ ಬೆರಳು ಮಾಡಿ ತೋರಿಸುತ್ತಿದ್ದರು. ಕೆಲಸ ಇಲ್ಲದವರೂ ಅಂಗಡಿಗೆ ಬಂದು, ಅವನ ಕತ್ತರಿ ಮುಟ್ಟಿ ನೋಡಿ ಹೋಗುತ್ತಿದ್ದರು. ಅಣ್ಣನ ನಡಿಗೆಯೇ ಬದಲಾಯಿತು.

ಒಂದು ದಿನ ಕೋಟಿಗೆ ಅಳತೆ ಕೊಡಲು ಬಂದ ಯುವಕ ಮೇಷ್ಟರೊಬ್ಬರು ಅವನ ಕೈ ಹಿಡಿದು, “ಸಾಬ್ರೇ, ನಾನು ನಿಮ್ಮ ಫ್ಯಾನು” ಎಂದರು. ನನ್ನ ಬೆರಳಿಗೆ ಸೂಜಿ ಚುಚ್ಚಿತು. ಅವರನ್ನು ಬಸ್ಸಿನ ತನಕ ಬಿಟ್ಟುಬರುವ ನೆಪದಲ್ಲಿ ಅರ್ಥ ಕೇಳಿದೆ. “ಅಭಿಮಾನಿ ಅಂತ. ನಿಮಗೆ ಗೊತ್ತಿಲ್ಲದ್ದಾ? ತಮಾಷೆ ಮಾಡ್ತೀರಿ” ಎಂದು ಅವರು ಬಸ್ಸು ಹತ್ತಿದರು.

ಅಂಗಡಿಗೆ ಮರಳಿದರೆ ಭಾಯಿಜಾನ್ ಸುತ್ತಿಗೆ ಹಿಡಿದು ನಿಂತಿದ್ದ, ಪಕ್ಕದಲ್ಲಿ ಹೊಸ ಬೋರ್ಡು ಬಂದು ಕುಳಿತಿತ್ತು: ‘ಅಮೆರಿಕಾ ದೊರೆಗಳ ಮೆಚ್ಚುಗೆ ಪಡೆದವರು’. ಇದು ಗೋಡೆ ಏರಿದ ಮೇಲೆ ಇಂಗ್ಲಿಷ್ ಬಲ್ಲ ಯಾರಾದರೂ ಕಥೆಯನ್ನು ಬಿಡಿಸಿ ನೋಡಿದರೆ, ನಗೆಪಾಟಲಾಗುವವನು ನಾನಲ್ಲ, ನನ್ನನ್ನು ಸಾಕಿದವನು. ಹೇಳಲೇಬೇಕು. ಮನೆಯ ಉರ್ದುವಿನಲ್ಲೇ ಹೇಳಿದೆ, ಇನ್ನು ಅನುವಾದದ ತಂಟೆಯೇ ಬೇಡವೆಂದು.

“ಭಾಯಿಜಾನ್, ನನಗೆ ಇಂಗ್ಲಿಷ್ ಬರೋದಿಲ್ಲ. ಆ ದೊರೆ ಮೆಚ್ಚಲಿಲ್ಲ, ಬೈದ.”

ಅವನು ಸುತ್ತಿಗೆ ಕೆಳಗಿಟ್ಟ. “ಇಂಗ್ಲಿಷ್ ಬರೋದಿಲ್ವಾ?”

“ಇಲ್ಲ.”

“ಒಂಚೂರೂ?”

“ಖುದಾ ಕಸಮ್, ಒಂಚೂರೂ ಇಲ್ಲ.”

“ಮತ್ತೆ ಅವನು ಬೈದ ಅಂತ ನಿನಗೆ ಹೇಗೆ ಗೊತ್ತಾಯ್ತು?”

ಆ ಐದನೆಯ ಮಾತು ಗೊತ್ತೆಂದರೆ ಇಂಗ್ಲಿಷ್ ಬರುತ್ತದೆಂದೇ ಒಪ್ಪಿಕೊಂಡಂತಾಗುತ್ತಿತ್ತು. 

“ಬೈದವನು ಕೈ ಕುಲುಕಿ ಹೋಗ್ತಾನಾ? ಬಹಳ ವಿನಯ ಒಳ್ಳೇದಲ್ಲ ಬಾಬು” ಎಂದು ಬೆನ್ನು ತಟ್ಟಿ, ಬೋರ್ಡಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. ಸುಳ್ಳು ಹೇಳಿದಾಗ ಸಾಕ್ಷಿ ಕೇಳದವನು, ನಿಜಕ್ಕೆ ಸಾಕ್ಷಿ ಕೇಳಿದ. ಅವನು ಮೊಳೆ ಹೊಡೆದ, ನಾನು ಹಿಡಿದುಕೊಂಡೆ.

“ದೂರ ಹೋಗಿ ನೋಡು, ನೆಟ್ಟಗಿದೆಯಾ?” ಎಂದ.

ಬೀದಿಯ ಆಚೆಗೆ ಹೋಗಿ ನೋಡಿದೆ. ಬೋರ್ಡು ಎಳ್ಳಷ್ಟೂ ಸೊಟ್ಟಗಿರಲಿಲ್ಲ. ನೆಟ್ಟಗಿದೆ ಎಂದೆ.