ನನ್ನ ಗಾಣದ ಎಣ್ಣೆ, ನನ್ನ ಹೆಂಡತಿಯ ಮುಖ

ಕೋಪ ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಬುದ್ಧಿ ಹೇಳುವವರಲ್ಲಿ ಎಣ್ಣೆಗಾಣ ಇಟ್ಟುಕೊಂಡವರನ್ನು ನಾನು ಇದುವರೆಗೆ ಕಂಡಿಲ್ಲ. ಹಿರಿಯೂರಿನ ಬಿಸಿಲಲ್ಲಿ, ಗಾಣದ ಮೋಟರಿನ ಸದ್ದಿನ ಪಕ್ಕದಲ್ಲಿ, ಮೈತುಂಬ ಹಿಂಡಿಯ ಪುಡಿ ಮೆತ್ತಿಕೊಂಡು ನಿಂತವನಿಗೆ ಎಣಿಕೆ ಮೂರರ ಆಚೆ ಹೋಗುವುದಿಲ್ಲ. ನಾನು ಮುಂಗೋಪಿ ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿರುವ ವಿಷಯ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಆದರೆ ಇತ್ತೀಚಿನ ನನ್ನ ಕೋಪಕ್ಕೆ ಕಾರಣ ನಾನಲ್ಲ, ಜನರ ಮುಖ. ಅಂದರೆ, ಮುಖಕ್ಕೆ ಎಣ್ಣೆ ಹಚ್ಚಿಕೊಳ್ಳುವ ಅವರ ಹೊಸ ಹುಚ್ಚು.

ಮೊದಲು ನನ್ನ ಅಂಗಡಿಗೆ ಬರುತ್ತಿದ್ದವರು ಒಗ್ಗರಣೆಗೆ ಶೇಂಗಾ ಎಣ್ಣೆ, ತಲೆಗೆ ಎಳ್ಳೆಣ್ಣೆ, ಹೊಟ್ಟೆನೋವಿಗೆ ಹರಳೆಣ್ಣೆ ಕೇಳಿ, ಸುಮ್ಮನೆ ತೆಗೆದುಕೊಂಡು ಹೋಗುತ್ತಿದ್ದರು. ಈಗ ಬರುವವರು ಮೊಬೈಲಿನಲ್ಲಿ ಏನನ್ನೋ ನೋಡಿಕೊಂಡೇ ಬರುತ್ತಾರೆ. ಒಬ್ಬಾಕೆ ಊಟದ ಡಬ್ಬಿಯಲ್ಲಿ ದಾಳಿಂಬೆ ಬೀಜ ಒಣಗಿಸಿ ತಂದು, ಇಷ್ಟನ್ನು ಅರೆದು ಎಣ್ಣೆ ತೆಗೆದುಕೊಡಿ, ಮುಖದ ಸುಕ್ಕಿಗೆ ಒಳ್ಳೆಯದಂತೆ ಎಂದರು. ಒಂದು ಡಬ್ಬಿ ಬೀಜ ಹಾಕಿದರೆ ಅದರ ಎಣ್ಣೆಯನ್ನೆಲ್ಲ ಗಾಣದ ಒರಳೇ ಕುಡಿದುಬಿಡುತ್ತದೆ, ಸುಕ್ಕು ಹೋಗುವುದಿದ್ದರೆ ಒರಳಿನದು ಹೋದೀತು ಎಂದೆ. ಆಕೆ ಡಬ್ಬಿ ಮುಚ್ಚಿಕೊಂಡು ಹೊರಟರು. ಇನ್ನೊಬ್ಬ ಮೇಷ್ಟ್ರು ಕುಸುಬೆ ಎಣ್ಣೆ ಹಚ್ಚಿದರೆ ಚರ್ಮದ ರಂಧ್ರ ಮುಚ್ಚಿಕೊಳ್ಳುತ್ತದೆಯೇ ಎಂದು ವಿಚಾರಿಸಿದರು. ಮುಚ್ಚಿಕೊಳ್ಳಲು ಇದೇನು ಸಿಮೆಂಟೇ ಎಂದು ಕೇಳಿದೆ. ಮತ್ತೊಬ್ಬಾಕೆಗೆ ಮುಖಕ್ಕೆ ಹೊಂಗೆ ಎಣ್ಣೆಯೇ ಬೇಕಿತ್ತು. ಅದು ದೀಪಕ್ಕೆ, ದನದ ಗಾಯಕ್ಕೆ ಹಚ್ಚುವುದು ಎಂದರೆ, ಅದೂ ನ್ಯಾಚುರಲ್ಲೇ ಅಲ್ಲವೇ ಎಂದು ನನ್ನನ್ನೇ ಗದರಿದರು. ನ್ಯಾಚುರಲ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಎಣಿಕೆ ಒಂದಕ್ಕೇ ನಿಲ್ಲುವ ಹಾಗಾಗಿತ್ತು.

ಇಷ್ಟಾದರೂ ಮನೆಯೊಳಗೆ ನನಗೆ ನೆಮ್ಮದಿಯಿತ್ತು, ನನ್ನ ಹೆಂಡತಿ ಗಿರಿಜಳಿಗೆ ಎಣ್ಣೆ ಕಂಡರೆ ಆಗುತ್ತಿರಲಿಲ್ಲವಲ್ಲ. ಚಳಿಗಾಲದ ಒಣಗಾಳಿಗೆ ಅವಳ ಕೆನ್ನೆ ಬಿರುಕು ಬಿಡುತ್ತಿತ್ತು. ಮನೆಯಲ್ಲಿ ಕ್ಯಾನುಗಟ್ಟಲೆ ಎಳ್ಳೆಣ್ಣೆ ಇದೆ, ಹಚ್ಚಿಕೋ ಎಂದು ನಾನು ವರ್ಷ ವರ್ಷ ಹೇಳುತ್ತಲೇ ಬಂದಿದ್ದೆ. ಗಂಡನ ಅಂಗಿ ಒಗೆದು ಒಗೆದು ಮೈಯೆಲ್ಲ ಎಣ್ಣೆ ವಾಸನೆಯಾಗಿದೆ, ಮುಖವೊಂದಾದರೂ ಉಳಿಯಲಿ ಎನ್ನುವುದು ಅವಳ ಉತ್ತರ. ಈ ಚಳಿಗಾಲದಲ್ಲಿ ಮಾತ್ರ ಅವಳ ಕೆನ್ನೆ ಬಿರಿಯಲಿಲ್ಲ. ಬದಲಿಗೆ ಮಿರುಗುತ್ತಿತ್ತು. ಅಕ್ಕಪಕ್ಕದ ಹೆಂಗಸರು ಗುಟ್ಟೇನೆಂದು ಕೇಳುತ್ತಿದ್ದರು, ಅವಳು ನಗುತ್ತಿದ್ದಳು. ನಾನು ಈ ವರ್ಷ ಚಳಿ ಕಡಿಮೆ ಎಂದುಕೊಂಡೆ.

ಒಂದು ಬೆಳಿಗ್ಗೆ ಬಾಚಣಿಗೆ ಹುಡುಕುತ್ತ ಕನ್ನಡಿಯ ಹಿಂದೆ ಕೈಹಾಕಿದಾಗ ಒಂದು ಪುಟ್ಟ ಬಾಟಲಿ ಸಿಕ್ಕಿತು. ಕಡು ನೀಲಿ ಗಾಜು, ರಬ್ಬರಿನ ಮುಚ್ಚಳ, ಹನಿ ಬಿಡುವ ಕೊಳವೆ, ಮೇಲೆ ಇಂಗ್ಲಿಷಿನಲ್ಲಿ ‘ಗ್ಲೋ’ ಎಂಬ ದಪ್ಪಕ್ಷರ. ಮುಚ್ಚಳ ತೆಗೆದು ಮೂಸಿದೆ. ಎಳ್ಳು ಅರೆಯುವಾಗ ಒಂದು ಉಂಡೆ ಬೆಲ್ಲ ಹಾಕುವುದು ನಮ್ಮಪ್ಪನ ಕಾಲದಿಂದ ಬಂದ ನಮ್ಮ ಪದ್ಧತಿ. ಆ ವಾಸನೆ ನನಗೆ ಎಲ್ಲಿ ಸಿಕ್ಕರೂ ಗೊತ್ತಾಗುತ್ತದೆ. ಅದರ ಜೊತೆ ಬೇರೇನೋ ಕಂಪು ಸೇರಿತ್ತು, ಆದರೆ ಒಳಗಿದ್ದದ್ದು ನನ್ನ ಎಣ್ಣೆ. ನಾನು ಧರ್ಮಾರ್ಥವಾಗಿ ಹಚ್ಚಿಕೋ ಎಂದಾಗ ಮೂಗು ಮುರಿದವಳು, ಯಾರೋ ಅದನ್ನೇ ನೀಲಿ ಬಾಟಲಿಗೆ ತುಂಬಿ ಕೊಟ್ಟಾಗ ಕಣ್ಣಿಗೊತ್ತಿಕೊಂಡು ತರಿಸಿಕೊಂಡಿದ್ದಾಳೆ! ಅಲ್ಲೇ ಸಿಕ್ಕಿಸಿಟ್ಟಿದ್ದ ಪಾರ್ಸೆಲ್ಲಿನ ಖಾಲಿ ಡಬ್ಬದ ಮೇಲೆ ಹೊಳಲ್ಕೆರೆಯ ನಸ್ರೀನ್ ಎಂಬ ಹೆಸರು, ವಿಳಾಸ ಇತ್ತು. ಎಳ್ಳು ನೋಡಲು ಹೊಳಲ್ಕೆರೆ ಮಾರ್ಕೆಟ್ ಯಾರ್ಡಿಗೆ ಹೋಗಿಬರುತ್ತೇನೆ ಎಂದು ಗಿರಿಜಳಿಗೆ ಸುಳ್ಳು ಹೇಳಿ, ಬಾಟಲಿಯನ್ನು ಅಂಗಿಯ ಜೇಬಿಗಿಳಿಸಿ ಬಸ್ಸು ಹತ್ತಿದೆ.

ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವವರೆಗೆ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ. ಅಲ್ಲಿಂದ ಹೊಳಲ್ಕೆರೆಯವರೆಗೆ ಅದನ್ನೇ ಮತ್ತೆ ಮತ್ತೆ ಹದಗೊಳಿಸಿದೆ. ಆ ಆವೇಶದಲ್ಲಿ ಜೇಬಿನೊಳಗಿನ ಮುಚ್ಚಳ ಸಡಿಲವಾಗಿದ್ದು ತಿಳಿಯಲಿಲ್ಲ. ಇಳಿದು ನೋಡಿದರೆ ಎದೆಯ ಮೇಲೆ ಅಂಗೈಯಗಲ ಎಣ್ಣೆಯ ಕಲೆ. ಪಕ್ಕದಲ್ಲಿ ಕೂತಿದ್ದವರು ಯಾಕೆ ಸರಿದು ಕೂತರೆಂದು ಆಗ ಅರ್ಥವಾಯಿತು.

ಮನೆ ಹುಡುಕಿ ಬಾಗಿಲು ಬಡಿದರೆ, ತೆಗೆದವರು ಬಾಬು ಸಾಬರು. ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬಂದು ದೊಡ್ಡ ಕ್ಯಾನಿನಲ್ಲಿ ಎಳ್ಳೆಣ್ಣೆ, ಕುಸುಬೆ ಎಣ್ಣೆ ಒಯ್ಯುತ್ತಿದ್ದ ಮಿತಭಾಷಿ. ಪಾಪ, ದೊಡ್ಡ ಸಂಸಾರ ಇರಬೇಕು, ಕರಿದದ್ದು ಜಾಸ್ತಿ ತಿನ್ನುತ್ತಾರೆ ಎಂದುಕೊಂಡಿದ್ದೆ. ಇದ್ದದ್ದು ಗಂಡ, ಹೆಂಡತಿ ಇಬ್ಬರೇ. ನಸ್ರೀನ್ ಅವರ ಹೆಂಡತಿ. ಆಕೆ ನನ್ನ ಮುಖ ನೋಡುವ ಮೊದಲು ಅಂಗಿ ನೋಡಿದರು. ಕುಂತ್ಕಳ್ರಿ ಅಣ್ಣ ಎಂದು ಒಳಗೆ ಹೋಗಿ ಹಿಡಿ ಕಡಲೆಹಿಟ್ಟು ತಂದು, ಕಲೆಯ ಮೇಲೆ ಒತ್ತಿ ಹಿಡಿದುಕೊಳ್ಳಲು ಹೇಳಿದರು. ಎಣ್ಣೆಯನ್ನು ಹಿಟ್ಟು ಹೀರುತ್ತದೆ, ನನಗೂ ಗೊತ್ತು. ಆದರೆ ಎದೆಗೆ ಹಿಟ್ಟು ಮೆತ್ತಿಕೊಂಡು ಜಗಳವಾಡುವುದು ಕಷ್ಟ. ಜೋರಾಗಿ ಮಾತಾಡಿದರೆ ಉದುರುತ್ತದೆ. ಆದ್ದರಿಂದ ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಒಂದೇ ಮಾತಿಗೆ ಇಳಿಯಿತು.

“ನನ್ನೆಣ್ಣೆಗೇ ಹೊಸ ಹೆಸರಿಟ್ಟು ನನ್ನ ಮನೆಗೇ ಕಳ್ಸೀರಲ್ಲಮ್ಮ, ಇದು ನ್ಯಾಯನಾ?”

“ಮುಚ್ಚಿಟ್ಟಿಲ್ಲ ಅಣ್ಣ. ಬಾಟ್ಲಿ ಹಿಂದೆ ಕನ್ನಡದಾಗೆ ಬರ್ದೈತೆ, ಓದ್ರಿ.”

ಕನ್ನಡಕ ಹಿರಿಯೂರಿನಲ್ಲಿತ್ತು. ಆಕೆಯೇ ಓದಿ ಹೇಳಿದರು: ಎಳ್ಳೆಣ್ಣೆ, ಕುಸುಬೆ ಎಣ್ಣೆ, ಲಾವಂಚದ ಬೇರು, ಹಿರಿಯೂರಿನ ಮರದ ಗಾಣದಲ್ಲಿ ತೆಗೆದದ್ದು. ಹಿತ್ತಲಲ್ಲಿ ಎಣ್ಣೆಗೆ ಲಾವಂಚ ಹಾಕಿ ಬಿಸಿಲಿಗಿಟ್ಟ ಭರಣಿಗಳನ್ನೂ, ಸೋಸಲು ಒಣಹಾಕಿದ್ದ ಬಿಳಿ ಬಟ್ಟೆಗಳನ್ನೂ ತೋರಿಸಿದರು. ಒಂದಾದರೂ ಕೊಳಕಾಗಿದ್ದಿದ್ದರೆ ಬೈಯಬಹುದಿತ್ತು. ಒಂದೂ ಇರಲಿಲ್ಲ. ಕೋಪಕ್ಕೆ ಕಾರಣ ಸಿಗದಿದ್ದಾಗ ಬರುವ ಕೋಪ ಇದೆಯಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು.

ಅಷ್ಟರಲ್ಲಿ ಆಕೆಗೊಂದು ಫೋನು ಬಂತು. ರಾಮಗಿರಿಯಿಂದ ಯಾರೋ ಹೆಣ್ಣುಮಗಳು. ನಸ್ರೀನ್ ಎಣ್ಣೆಯ ಸುದ್ದಿಯನ್ನೇ ಎತ್ತಲಿಲ್ಲ. ಯಾವ ಸೋಪು ಹಾಕುತ್ತೀರಿ, ಬಿಸಿಲಲ್ಲಿ ಕೆಲಸವೇ, ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದರು. ಆ ಕಡೆಯವರು ಹೇಳುತ್ತಿದ್ದರೆ ಹೂಂ, ಹೂಂ ಎನ್ನುತ್ತ ಕೇಳಿದರು. ಕೊನೆಗೆ, ಮೊಡವೆ ಕೀವಾಗಿದ್ದರೆ ಯಾವ ಎಣ್ಣೆಯೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ ಎಂದು ಹೇಳಿ ಇಟ್ಟುಬಿಟ್ಟರು. ಬಂದ ಗಿರಾಕಿಯನ್ನು ಹೀಗೆ ಕಳಿಸಿಕೊಡುವವರನ್ನು ನಾನು ನೋಡಿರಲಿಲ್ಲ. ನಾನೂ ಕಳಿಸುತ್ತೇನೆ, ಆದರೆ ಬೈದು.

ಹಿರಿಯೂರಿನ ಗಿರಿಜ ಎಂಬುವಳು ನನ್ನ ಹೆಂಡತಿ ಎಂದು ಹೇಳಿದೆ. ನಸ್ರೀನ್ ಮುಖ ಅರಳಿತು.

“ಗಿರಿಜಕ್ಕನಾ? ಮೊದಲ್ನೇ ಸಲ ಫೋನ್ ಮಾಡ್ದಾಗ ಅರ್ಧ ಗಂಟೆ ಚರ್ಮದ ಮಾತೇ ಎತ್ಲಿಲ್ಲ ಅವ್ರು.”

“ಮತ್ತೇನ್ ಮಾತಾಡಿದ್ಲು?”

“ಅದನ್ನ ನಾನು ಹೇಳದು ಸರಿಯಲ್ಲ ಅಣ್ಣ.”

ಬಾಬು ಸಾಬರು ಕಿಟಕಿಯಾಚೆ ನೋಡತೊಡಗಿದರು. ನಾನು ಎದ್ದೆ.

ವಾಪಸ್ ಬರುವಾಗ ಎಣ್ಣೆಯ ವಿಷಯವೇ ಮರೆತುಹೋಗಿತ್ತು. ಅರ್ಧ ಗಂಟೆ! ನನ್ನ ಜೊತೆ ಅವಳ ಮಾತು ಸೊಪ್ಪು, ಗ್ಯಾಸು, ಕರೆಂಟು, ಅಷ್ಟರಲ್ಲಿ ಮುಗಿಯುತ್ತದೆ. ಕಂಡರಿಯದ ಹೊಳಲ್ಕೆರೆಯ ಹೆಂಗಸಿನ ಜೊತೆ ಅದೇನು ಅರ್ಧ ಗಂಟೆಯ ಮಾತು? ನನ್ನನ್ನು ಬೈದಳೇ? ಬೈದಿದ್ದರೆ ಪರವಾಗಿಲ್ಲ, ಅದು ನನಗೆ ಗೊತ್ತಿರುವ ವಿಷಯ. ನನ್ನ ಹೆಸರನ್ನೇ ಎತ್ತದೆ ಅರ್ಧ ಗಂಟೆ ಮಾತಾಡಿದ್ದರೆ? ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕೊಟ್ಟವನ ಮೇಲೆ, ಸಕ್ಕರೆ ಸರಿಯಾಗಿದ್ದರೂ, ಹರಿಹಾಯ್ದೆ.

ಮನೆಗೆ ಬಂದು ಅರೆಖಾಲಿ ಬಾಟಲಿಯನ್ನು ಅವಳ ಮುಂದಿಟ್ಟೆ. ಇದು ನಮ್ಮದೇ ಎಣ್ಣೆ ಕಣೇ ಎಂದು, ಇಡೀ ದಿನ ಕೂಡಿಟ್ಟುಕೊಂಡಿದ್ದ ಗುಂಡನ್ನು ಹಾರಿಸಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತು. ಹಿಂದೆ ಬರ್ದೈತಲ್ಲ.”

“ಗೊತ್ತಿದ್ದೂ ತರಿಸ್ದ್ಯಾ? ನಾನು ಕೊಟ್ಟಿದ್ದು ಬ್ಯಾಡಾಗಿತ್ತಾ?”

“ನೀವು ಕ್ಯಾನ್ ತೋರ್ಸಿ ಹಚ್ಕ್ಯ ಅಂದ್ರಿ. ಅವ್ರು, ನಿಮ್ಗೇನಾಗ್ತೈತೆ ಅಂತ ಕೇಳಿದ್ರು.”

ಆ ಅರ್ಧ ಗಂಟೆ ಏನು ಹೇಳಿದೆ ಎಂದು ಕೇಳಿದೆ. ಕೇಳಿದ್ದು ಸ್ವಲ್ಪ ಜೋರಾಗಿಯೇ ಆಯಿತು. ಹಿಂಗೆ ಕೇಳಿದ್ರೆ ಯಾರಿಗೂ ಹೇಳಕ್ಕಾಗಲ್ಲ ಎಂದು ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಪೂರ್ತಿ ನಾನು ಗಾಣದ ಮುಂದೆ ಕೂತು ಯೋಚಿಸಿದೆ. ಕೋಪವೇನೂ ಇಳಿದಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಇಳಿಸಬೇಕೆಂಬುದು ಗೊಂದಲವಾಗಿತ್ತು. ಸಂಜೆ ಧರ್ಮಪುರದ ಕಡೆಯ ಹೆಂಗಸೊಬ್ಬರು ಬಂದು ಮುಖಕ್ಕೆ ಹಚ್ಚಲು ಯಾವ ಎಣ್ಣೆ ಒಳ್ಳೆಯದೆಂದು ಕೇಳಿದರು. ನಾನು ಬೈಯಲಿಲ್ಲ. ಸ್ಟೂಲು ಎಳೆದುಕೊಟ್ಟೆ. ಎಲ್ಲಿ ಉರಿಯುತ್ತದೆ, ಶೇಂಗಾ ಬಿಡಿಸಲು ಬಿಸಿಲಲ್ಲಿ ಕೂರುತ್ತೀರಾ, ನಿದ್ದೆ ಬರುತ್ತದೆಯೇ ಎಂದು ಒಂದೊಂದಾಗಿ ವಿಚಾರಿಸಿದೆ. ಅವರು ಹೇಳಿದರು, ನಾನು ಹೂಂ ಹೂಂ ಎಂದೆ. ಸೊಸೆಯ ಸುದ್ದಿ ಬಂತು, ಮಂಡಿನೋವು ಬಂತು, ತವರಿನ ಸುದ್ದಿಯೂ ಬಂತು. ಎಲ್ಲವನ್ನೂ ಕೇಳಿದೆ. ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ನೋಡಿ, ತುರಿಕೆಯಾಗದಿದ್ದರೆ ಮುಖಕ್ಕೆ ಎಂದು ನನಗೇ ಗೊತ್ತಿಲ್ಲದ ಮೆದು ದನಿಯಲ್ಲಿ ಹೇಳಿದೆ.

ಆಕೆಯ ಕಣ್ಣು ತುಂಬಿತ್ತು. “ಎಷ್ಟು ಚಂದ ವಿಚಾರಿಸ್ತೀರಪ್ಪ ನೀವು. ನಿಮ್ಮನೆಯವ್ರು ಪುಣ್ಯ ಮಾಡಿದ್ರು ಬಿಡ್ರಿ” ಎಂದರು.

ಹಿಂದೆ ಲೋಟದ ಸದ್ದಾಯಿತು. ಗಿರಿಜ ತಟ್ಟೆಯಲ್ಲಿ ಎರಡು ಲೋಟ ಚಹಾ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ಆಕೆಗೆ ಒಂದು ಲೋಟ ಕೊಟ್ಟು, ಕುಡೀರಿ ಅಕ್ಕ ಎಂದು ಉಪಚರಿಸಿದಳು. ನನ್ನದೆಂದು ನಾನು ಕೈ ಚಾಚಿದ್ದ ಇನ್ನೊಂದು ಲೋಟದ ಸಮೇತ ಒಳಗೆ ಹೋದಳು.