ಡಾಲ್ಫಿನ್ನಿಗೆ ಅತ್ತೆಯ ಅಪ್ಪಣೆ

"ಇವತ್ತಿಂದ ಈ ಕಂಪ್ಯೂಟರಲ್ಲಿ ನನ್ನ ಅಪ್ಪಣೆ ಇಲ್ದೆ ಒಂದು ಹುಲ್ಲುಕಡ್ಡಿನೂ ಅಲ್ಲಾಡಬಾರದು!"

ಹೀಗೆಂದು ಘೋಷಿಸಿದವರು ಕನ್ನಡಕದ ಅಂಗಡಿಯ ಯಜಮಾನರು. ಅಂಗಡಿ ಮನೆಯ ಮುಂದಿನ ಕೋಣೆಯಲ್ಲಿತ್ತು, ಘೋಷಣೆ ಮೊಳಗಿದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಎಂಬ್ರಾಯ್ಡರಿ ಮೆಷಿನ್ನಿಗೆ ನೀಲಿ ದಾರ ಪೋಣಿಸುತ್ತಿದ್ದ ಹೆಂಡತಿ ತಲೆಯನ್ನೂ ಎತ್ತಲಿಲ್ಲ.

"ಹುಲ್ಲುಕಡ್ಡಿ ಹಾಗಿರ್ಲಿ ರೀ, ನನ್ನ ಡಾಲ್ಫಿನ್ ಅಲ್ಲಾಡುತ್ತೋ ಇಲ್ವೋ ಅದನ್ನ ಹೇಳಿ."

ಡಾಲ್ಫಿನ್ನಿನ ಸಮಾಚಾರ ಇಷ್ಟು. ಊರಿನ ಈಜು ಕ್ಲಬ್ಬಿನವರು ಮರುದಿನದ ಪಂದ್ಯಕ್ಕೆಂದು ಒಂದು ರಾಶಿ ಬಿಳಿ ಟವೆಲು ತಂದು ಸುರಿದಿದ್ದರು. ಪ್ರತಿ ಟವೆಲಿನ ಮೂಲೆಗೆ ನೆಗೆಯುವ ಡಾಲ್ಫಿನ್, ಅದರ ಕೆಳಗೆ ಈಜುವವರ ಹೆಸರು. ಸಂಜೆ ಆರಕ್ಕೆ ಕೋಚ್ ಬಂದು ಒಯ್ಯುತ್ತಾರೆ. ಕೆಲಸ ಹಿಡಿಸಿದರೆ ವರ್ಷವಿಡೀ ಕ್ಲಬ್ಬಿನ ಹೊಲಿಗೆಯೆಲ್ಲ ಇವಳಿಗೇ! ಇಷ್ಟು ದೊಡ್ಡ ಆರ್ಡರು ಅವಳ ಕೈಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಇಲ್ಲಿಯವರೆಗೆ ಅವಳು ಚಿತ್ರಗಳನ್ನು ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಹಾಕಿ, ಅದನ್ನು ಮೆಷಿನ್ನಿಗೆ ಚುಚ್ಚಿ ಹಾಯಾಗಿದ್ದಳು. ಯಜಮಾನರ ಕಣ್ಣಿಗೆ ಇದು ಶಿಲಾಯುಗ! ವಿಡಿಯೋ ನೋಡಿ ನೋಡಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದ ಅವರು ತಾವೇ ಒಂದನ್ನು ಬರೆದರು. ಹೆಸರು ಟೈಪಿಸಿ 'ಕಳಿಸು' ಒತ್ತಿದರೆ ಡಾಲ್ಫಿನ್ ವೈರಿನೊಳಗೆ ಈಜಿ ಮೆಷಿನ್ನಿಗೆ ಹೋಗಬೇಕು. ಆಶ್ಚರ್ಯವೆಂದರೆ, ಹೋಯಿತು!

ಅಷ್ಟಕ್ಕೇ ಕೈತೊಳೆದುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ದೊಡ್ಡ ದೊಡ್ಡ ಪ್ರೋಗ್ರಾಂಗಳು ಪರದೆಯನ್ನು ಗಕ್ಕನೆ ಕಪ್ಪಾಗಿಸಿ, 'ಇದು ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಅನುಮತಿ ಕೊಡುತ್ತೀರಾ?' ಎಂದು ಅಡ್ಮಿನ್ನರ, ಅಂದರೆ ಕಂಪ್ಯೂಟರಿನ ಮೇಲಧಿಕಾರಿಯ, ಪಾಸ್‌ವರ್ಡ್ ಕೇಳುತ್ತವಲ್ಲ, ಆ ಗತ್ತಿಗೆ ಯಜಮಾನರು ಮಾರುಹೋಗಿದ್ದರು. ತಮ್ಮ ಪ್ರೋಗ್ರಾಮಿಗೂ ಅಂಥದೊಂದು ಸಾಲು ಸೇರಿಸಿದರು. ಹೆಂಡತಿಯ ಅಕೌಂಟನ್ನು ಸಾಮಾನ್ಯ ಪ್ರಜೆಯ ಮಟ್ಟಕ್ಕಿಳಿಸಿ ತಾವು ಅಡ್ಮಿನ್ ಆಗಿ ಉಳಿದರು. ವೈರಸ್ಸಿನ ನೆಪ ಹೇಳಿ ಪೆನ್‌ಡ್ರೈವಿಗೂ ಬಾಗಿಲು ಮುಚ್ಚಿದರು. ಪಟ್ಟಾಭಿಷೇಕ ಮುಗಿಯಿತು!

"ರೀ! ಏನೋ ಕೇಳ್ತಿದೆ!"

ಯಜಮಾನರು ಗಂಭೀರವಾಗಿ ನಡೆದುಬಂದು, ಪಾಸ್‌ವರ್ಡ್ ಕುಟ್ಟಿ, 'ಹೌದು' ಒತ್ತಿದರು. ಮೊದಲ ಡಾಲ್ಫಿನ್ ನೆಗೆಯಿತು. ಆಹಾ!

"ರೀ! ಮತ್ತೆ ಕೇಳ್ತಿದೆ!"

ಪ್ರತಿ ಟವೆಲಿಗೂ ಬೇರೆ ಹೆಸರು, ಪ್ರತಿ ಹೆಸರಿಗೂ ಬೇರೆ ಅನುಮತಿ! ಮೂರನೆಯ ಕೂಗಿನ ಹೊತ್ತಿಗೆ ನಡಿಗೆ ಓಟವಾಯಿತು. ಅಂಗಡಿಯಲ್ಲಿ ಒಬ್ಬ ಅಜ್ಜ ಕಣ್ಣು ತೋರಿಸಲು ಕೂತಿದ್ದರು.

"ಕೊನೇ ಸಾಲು ಓದಿ ಅಜ್ಜ."

"ಕಾಣಲ್ಲಪ್ಪ."

"ಪ್ರಯತ್ನ ಮಾಡ್ತಿರಿ, ಬಂದೆ!"

ವಾಪಸು ಬರುವಷ್ಟರಲ್ಲಿ ಅಜ್ಜ ಕುರ್ಚಿ ಬಿಟ್ಟೆದ್ದು, ಅಕ್ಷರದ ಹಲಗೆಗೆ ಮೂಗು ತಾಗಿಸಿ ನಿಂತಿದ್ದರು. "ಈಗ ಎಲ್ಲಾ ಕಾಣುತ್ತೆ! ಕನ್ನಡಕ ಬೇಡ ಬಿಡಪ್ಪ!" ಎಂದು ಹೊರಟೇಬಿಟ್ಟರು.

ಗಿರಾಕಿ ಕೈತಪ್ಪಿದ ಸಿಟ್ಟು ತಲೆಗೇರಿತು. "ತಗೋ, ನಿನಗೂ ಅಧಿಕಾರ ಕೊಟ್ಟೆ!" ಎಂದು ಯಜಮಾನರು ಅಕೌಂಟುಗಳ ಪುಟ ತೆರೆದರು. ಒಂದರ ಕೆಳಗೊಂದು ಹೆಸರು, ಪಕ್ಕದಲ್ಲಿ ಸಣ್ಣಕ್ಷರದ ಷರಾ. ಊರಿಗೆಲ್ಲ ಸಣ್ಣಕ್ಷರ ಓದಿಸುವ ಮನುಷ್ಯ ತಾವು ಮಾತ್ರ ಓದಲಿಲ್ಲ. ಯಾವುದೋ ಸಾಲಿನ ಮೇಲೆ ಟಕ್, 'ಬದಲಿಸು' ಎಂಬಲ್ಲಿ ಟಕ್, 'ಸರಿ' ಎಂಬಲ್ಲಿ ಟಕ್! ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ್ದೂ ಆಯಿತು.

"ಈಗ ಕಳ್ಸು ನೋಡೋಣ!"

ಹೆಂಡತಿ 'ಕಳಿಸು' ಒತ್ತಿದಳು. ಪರದೆ ಕಪ್ಪಾಯಿತು. ಅದರ ನಡುವೆ ಒಂದು ಬೆಕ್ಕು ಕಾಣಿಸಿಕೊಂಡಿತು. ದಪ್ಪ, ಬೂದು ಬಣ್ಣದ, ಯಾರಿಗೂ ಸೊಪ್ಪು ಹಾಕದ ಮುಖದ ಬೆಕ್ಕು.

"ಅಯ್ಯೋ, ಇದು ನಮ್ಮಮ್ಮನ ಬೆಕ್ಕಲ್ವೇನ್ರೀ?"

ಯಜಮಾನರಿಗೆ ಆಗ ನೆನಪಾಯಿತು. ಆ ಕಂಪ್ಯೂಟರು ಅತ್ತೆಯವರು ಕೊಡಿಸಿದ್ದು. ಮಾರಿದವನು ಮೊದಲ ಅಕೌಂಟನ್ನು ಅವರ ಹೆಸರಿಗೇ ಮಾಡಿ, ಅವರ ಬೆಕ್ಕಿನ ಚಿತ್ರ ಅಂಟಿಸಿ ಹೋಗಿದ್ದ. ಆಗಾಗ ಬಂದು ಅದರಲ್ಲಿ ಇಸ್ಪೀಟು ಆಡಿ ಹೋಗುವ ಅತ್ತೆಯವರನ್ನು ಯಜಮಾನರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ನೋಡಿದರೆ, ಹೆಂಡತಿಯನ್ನು ಮೇಲೇರಿಸಲು ಹೋಗಿ ತಮ್ಮನ್ನೇ ಕೆಳಗಿಳಿಸಿಕೊಂಡಿದ್ದಾರೆ! ಸಾಮ್ರಾಜ್ಯದಲ್ಲಿ ಉಳಿದ ಏಕೈಕ ಅಡ್ಮಿನ್ ಅತ್ತೆ!

"ಪೆನ್‌ಡ್ರೈವಾದ್ರೂ ಬಿಡಿಸಿಕೊಡಿ!"

"ಅದಕ್ಕೂ ಬೆಕ್ಕೇ ಬರ್ತಿದೆ ಕಣೇ!"

ಗಡಿಯಾರ ನಾಲ್ಕು ಹೊಡೆಯಿತು. ಟವೆಲಿನ ರಾಶಿ ಹಾಗೇ ಇತ್ತು. ಹೆಂಡತಿಯ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಯಜಮಾನರು ಮಾನ ಮರ್ಯಾದೆ ಬದಿಗಿಟ್ಟು ಪಕ್ಕದ ಬೀದಿಯ ಅತ್ತೆಮನೆಗೆ ಫೋನು ಮಾಡಿದರು.

"ಅತ್ತೆ, ನಿಮ್ಮ ಪಾಸ್‌ವರ್ಡ್ ಒಂಚೂರು ಹೇಳ್ತೀರಾ?"

"ಅಯ್ಯೋ, ಅದನ್ನ ಪ್ರಾಣ ಹೋದ್ರೂ ಯಾರಿಗೂ ಹೇಳಬಾರದು ಅಂತ ನೀವೇ ಪಾಠ ಮಾಡಿದ್ರಲ್ಲ ಅಳಿಯಂದ್ರೆ! ಇರಿ, ನಾನೇ ಬರ್ತೀನಿ."

ಬಂದರು. ಕುರ್ಚಿ ಎಳೆದುಕೊಂಡು ಕೂತು, ಅಳಿಯನ ಅಂಗಡಿಯದೇ ಹೊಸ ಕನ್ನಡಕ ಏರಿಸಿದರು.

"ಒತ್ತಿಬಿಡಿ ಅತ್ತೆ, ಟೈಮಿಲ್ಲ!"

"ತಡೀರಿ, ಓದ್ಬೇಕಲ್ಲ. ಕನ್ನಡಕ ಬಲು ಚೆನ್ನಾಗಿದೆ, ಸಣ್ಣಕ್ಷರನೂ ಕಾಣುತ್ತೆ. 'ತಯಾರಿಸಿದವರು: ಗೊತ್ತಿಲ್ಲ.' ಯಾರಿದು, ಹೇಳದೆ ಕೇಳದೆ ಬಂದಿರೋರು?"

"ನಾನೇ ಅತ್ತೆ! ನಾನೇ ತಯಾರಿಸಿದ್ದು!"

"ಹಾಗಾದ್ರೆ ಇನ್ನೊಂದ್ಸಲ ಯೋಚನೆ ಮಾಡ್ಬೇಕು. ಅಲ್ಲ, ಹೆಸರು ಹೊಲಿಯೋಕೆ ಇದಕ್ಕೆ ಇಷ್ಟೊಂದು ಅಧಿಕಾರ ಯಾಕೆ ಬೇಕು?"

ಯಜಮಾನರು ನೆಲ ನೋಡಿದರು. "ಬೇಕಾಗಿಲ್ಲ."

"ಮತ್ತೆ?" ಎಂದಳು ಹೆಂಡತಿ.

"ಸುಮ್ನೆ... ಕೇಳ್ಲಿ ಅಂತ."

ಪರದೆಯಿಂದ ಬೆಕ್ಕು ಅವರನ್ನೇ ನೋಡುತ್ತಿತ್ತು.

"ಆ ಸಾಲು ಈಗ್ಲೇ ಕಿತ್ತಾಕ್ತೀನಿ!" ಎಂದು ಯಜಮಾನರು ಕೈ ಚಾಚಿದರು.

"ಏನನ್ನೂ ಮುಟ್ಟಬೇಡಿ!" ಎಂದು ತಾಯಿ ಮಗಳು ಒಟ್ಟಿಗೇ ಚೀರಿದರು.

"ಎಲ್ಲಾ ಮುಗಿಯೋ ತನಕ ನಾನು ಇಲ್ಲೇ ಕೂತಿರ್ತೀನಿ," ಎಂದರು ಅತ್ತೆ. "ಅಳಿಯಂದ್ರೆ, ಸ್ವಲ್ಪ ಆ ಕಡೆ ತಿರುಗಿ. ಪಾಸ್‌ವರ್ಡ್!"

ಶುರುವಾಯಿತು! ಪರದೆ ಕಪ್ಪಾಗುವುದು, ಯಜಮಾನರು ಗೋಡೆಗೆ ಮುಖ ಮಾಡುವುದು, ಅತ್ತೆ ಒಂದೇ ಬೆರಳಿನಲ್ಲಿ ಕುಟ್ಟುವುದು, ಮೆಷಿನ್ ಕಟಕಟ ಎನ್ನುವುದು. ಗೋಡೆಯ ಬಿರುಕುಗಳೆಲ್ಲ ಯಜಮಾನರಿಗೆ ಬಾಯಿಪಾಠವಾದವು. ಕೋಚ್ ಒಳಗೆ ಕಾಲಿಟ್ಟಾಗ ಕೊನೆಯ ಡಾಲ್ಫಿನ್ನಿನ ಬಾಲ ಮುಗಿಯುತ್ತಿತ್ತು!

"ಸೊಗಸಾಗಿದೆ! ಇನ್ನು ಕ್ಲಬ್ಬಿನ ಕೆಲಸ ಎಲ್ಲಾ ನಿಮಗೇ," ಎಂದು ಕೋಚ್ ಟವೆಲು ಸವರಿದರು. ಹೆಂಡತಿ ಕುಣಿಯುವುದೊಂದು ಬಾಕಿ. "ಪ್ರೋಗ್ರಾಂ ಯಾರು ಮಾಡಿದ್ದು?"

"ಗೊತ್ತಿಲ್ಲ ಅಂತ ಬರೆದಿದೆ," ಎಂದರು ಅತ್ತೆ.

ಕೋಚ್ ಹೋದ ಮೇಲೆ ಯಜಮಾನರು ಗೋಡೆ ಬಿಟ್ಟು ಬಂದು, ಇದ್ದಬದ್ದ ಗತ್ತನ್ನೆಲ್ಲ ಕೂಡಿಸಿಕೊಂಡು ಹೇಳಿದರು. "ಅದನ್ನೆಲ್ಲ ಯಾರೂ ಓದ್ತಾ ಕೂರಲ್ಲ ಅತ್ತೆ. ಕೇಳಿದ ತಕ್ಷಣ 'ಹೌದು' ಅಂತ ಒತ್ತಿಬಿಡೋದು, ಅಷ್ಟೇ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ನಿಧಾನವಾಗಿ ಒರೆಸಿದರು.

"ಇಪ್ಪತ್ತು ವರ್ಷದ ಹಿಂದೆ ಹೀಗೇ ಒಬ್ರು ನಮ್ಮನೆಗೆ ಬಂದು ಅನುಮತಿ ಕೇಳಿದ್ರು ಅಳಿಯಂದ್ರೆ. ಆಗ ನನ್ನ ಹತ್ರ ಈ ಕನ್ನಡಕ ಇರ್ಲಿಲ್ಲ. ಓದದೇನೇ 'ಹೂಂ' ಅಂದ್ಬಿಟ್ಟೆ!"