ಶಿರಿಯಕ್ಕೆ ಬಂದ ನಮ್ಮ ಪೂರ್ವಜರ ಹಡಗು

ಹಳೆಯ ಮರ ಕಂಡರೆ ಸಾಕು, ಅದರ ಚರಿತ್ರೆ ಹೇಳಿಬಿಡುವ ವಿದ್ಯೆ ನನಗೆ ಹುಟ್ಟಿನಿಂದಲೇ ಸಿದ್ಧಿಸಿದೆ ಎಂದು ನಾನು ನಂಬಿದ್ದ ಕಾಲವದು. ತೊಂಬತ್ತರ ದಶಕದ ಒಂದು ಮಳೆಗಾಲದ ಕೊನೆಗೆ, ಒಡೆದ ಹಡಗೊಂದರ ಪಕ್ಕೆಲುಬಿನಂತಹ ತೊಲೆಗಳು ಶಿರಿಯದ ಕಡಲತೀರಕ್ಕೆ ಬಂದು ಬಿದ್ದವು. ಕಪ್ಪಗಾದ ಮರ, ತುಕ್ಕು ಹಿಡಿದ ಮೊಳೆ. ಒಂದು ತೊಲೆಯ ಮೇಲೆ ಬಳ್ಳಿ ಸುತ್ತಿದಂತೆ ಕೆತ್ತಿದ ಶಿಲುಬೆ!

ನಾನು ನಿಂತಲ್ಲೇ ತೀರ್ಪು ಕೊಟ್ಟೆ. ಇದು ನಮ್ಮ ಪೂರ್ವಜರು ಗೋವಾದಿಂದ ಬಂದ ಹಡಗು!

"ನೋಡಿದ ಕೂಡ್ಲೇ ಹೇಗೆ ಗೊತ್ತಾಯ್ತು ಮಾಷ್ಟ್ರೇ?" ಎಂದ ನೆರೆಮನೆಯ ಮೊಯ್ದು.

"ರಕ್ತಕ್ಕೆ ಗೊತ್ತಾಗ್ತದೆ ಮಾರಾಯ!"

ಸುದ್ದಿ ಮನೆಗೆ ಮುಟ್ಟಿತು. ಅಪ್ಪ ತೀರಿಕೊಂಡ ಮೇಲೆ ಅಂಗಳಕ್ಕೂ ಇಳಿಯದಿದ್ದ ಅಮ್ಮ, "ಪುತಾ, ನನಗೂ ಅದನ್ನು ನೋಡಬೇಕು" ಎಂದರು. ಎಷ್ಟೋ ತಿಂಗಳ ನಂತರ ಅವರ ಬಾಯಿಂದ ಬಂದ ಮೊದಲ 'ಬೇಕು'. ಆ ಕ್ಷಣದಿಂದ ಹಡಗು ನಮ್ಮದಾಗಲೇಬೇಕಾಯಿತು!

ಆಚೆ ಮೊಯ್ದು, ಈಚೆ ನಾನು ಹಿಡಿದು, ಅಷ್ಟು ದೂರ ನಡೆಯಲಾರದ ಅಮ್ಮನನ್ನು ಕುರ್ಚಿ ಸಮೇತ ಹೊತ್ತೆವು. ಹೊಯ್ಗೆಯಲ್ಲಿ ನನ್ನ ಕಾಲು ಹೂತು ಮನೆತನದ ಗೌರವ ಆಗಾಗ ಓರೆಯಾಯಿತು. ಅಮ್ಮ ಶಿಲುಬೆಯನ್ನು ಸವರಿ, ಜಪಮಾಲೆ ತೆಗೆದು ಕಣ್ಣು ಮುಚ್ಚಿದರು. ನಾನು ಗಂಟಲು ಸರಿಮಾಡಿಕೊಂಡು ಉಪನ್ಯಾಸಕ್ಕೆ ಅಣಿಯಾದೆ.

ಅಷ್ಟರಲ್ಲಿ ಬಸ್ಸಿಳಿದು ನನ್ನ ಹೆಂಡತಿ ಲಿಲ್ಲಿ ನೇರ ಅಲ್ಲಿಗೇ ಬಂದಳು. ನಮ್ಮದು ಮಲಯಾಳದಲ್ಲೇ ಸರಕಾರಿ ವ್ಯವಹಾರ ನಡೆಯುವ ಗಡಿನಾಡು; ಆಫೀಸಿನ ಕೆಲಸಕ್ಕಾಗಿ ಅದನ್ನು ಕಲಿತವಳು ಅವಳು. ಕನ್ನಡ ಶಾಲೆಯ ಮಾಷ್ಟ್ರಾದ ನನಗೆ ಬಸ್ಸಿನ ಬೋರ್ಡು ಓದಿಕೊಡಲೂ ಅವಳೇ ಆಗಬೇಕು.

"ನಿಮಗೆಂತ ಮರ್ಲಾ, ಹುಚ್ಚಾ?" ಎಂದು ಪಿಸುಗುಟ್ಟಿದಳು. "ಇದು ಶಿಲುಬೆ ಅಲ್ಲ. ಮಲಯಾಳದ 'ಕ'! ಆಚೆ ತೊಲೆಯಲ್ಲಿ 'ಖ' ಉಂಟು, ಅದರಾಚೆ 'ಗ'. ಜೋಡಿಸುವಾಗ ಅದಲುಬದಲು ಆಗಬಾರದು ಅಂತ ಹಡಗು ಕಟ್ಟಿದ ಆಚಾರಿ ಹಾಕಿದ ಗುರುತು!"

"ಮೆಲ್ಲ! ಅಮ್ಮನಿಗೆ ಕೇಳಿದರೆ..."

"ಕೇಳಿತು" ಎಂದರು ಅಮ್ಮ, ಕಣ್ಣು ತೆರೆಯದೆ. "ನಮ್ಮವರು ಹಡಗಿನಲ್ಲಿ ಬಂದದ್ದಲ್ಲ ಪುತಾ, ನಡೆದುಕೊಂಡು ಬಂದದ್ದು. ನಿನ್ನ ಅಜ್ಜನಿಗೆ ಹೊಳೆ ದಾಟುವಾಗಲೇ ವಾಂತಿ ಬರ್ತಿತ್ತು!"

ಮೊಯ್ದು ಕಡಲಿನ ಕಡೆ ಮುಖ ತಿರುಗಿಸಿ ನಕ್ಕ.

"ಮತ್ತೆ ಈ ಜಪ ಯಾರಿಗಮ್ಮ?"

"ಹಡಗು ಒಡೆಯುವಾಗ ಒಳಗೆ ಯಾರಾದರೂ ಇದ್ದಿರ್ತಾರಲ್ಲ? ಅವರಿಗೆ. ನೀನು ಸ್ವಲ್ಪ ಬಾಯಿ ಮುಚ್ಚು."

ಜಪ ಮುಗಿದ ಮೇಲೂ ಅಮ್ಮ ಏಳಲಿಲ್ಲ. ತಲೆಯ ಸೆರಗು ಸರಿಸಿ ಗಾಳಿಗೆ ಮುಖವೊಡ್ಡಿದರು. "ಇಲ್ಲಿ ಒಳ್ಳೇದುಂಟು. ನಾಳೆಯೂ ಕರ್ಕೊಂಡು ಬಾ."

ಹೀಗೆ ನನ್ನ ಚರಿತ್ರಕಾರನ ಹುದ್ದೆ ಒಂದೇ ಸಂಜೆಯಲ್ಲಿ ರದ್ದಾಗಿ, ಕುರ್ಚಿ ಹೊರುವ ಕೆಲಸ ಖಾಯಂ ಆಯಿತು!